ಹಿಂಡೂ ಎಮ್ಮ್ಯೋ, ಮಣಕೋ?

ನೌಬಾದದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಟೀಚರಮ್ಮ ಔರಾದ ಕಡೆಯ ದನದ ವ್ಯಾಪಾರಿಯ ಮಗಳು. ಯಾರು ಯಾವ ಷೇರಿನ ಮಾತು ತೆಗೆದರೂ ಕನ್ನಡಕ ಹಣೆಗೇರಿಸಿ, “ಹಿಂಡೂ ಎಮ್ಮ್ಯೋ, ಮಣಕೋ?” ಎಂದು ಕೇಳುತ್ತಿದ್ದರು. ಅಗ್ಗಕ್ಕೆ ಸಿಕ್ಕು ವರ್ಷವರ್ಷ ಲಾಭಾಂಶ ಕೊಡುವ ಹಳೆಯ ಕಂಪನಿ ಅವರಿಗೆ ಹಿಂಡುವ ಎಮ್ಮೆ. ಲಾಭವನ್ನೆಲ್ಲ ಬೆಳೆಯುವುದಕ್ಕೇ ಸುರಿಯುವ ದುಬಾರಿ ಹೊಸ ಕಂಪನಿ, ಇನ್ನೂ ಕರು ಹಾಕದ ಮಣಕ. ನಾನು ಕಾಲೇಜಿನಲ್ಲಿ ವ್ಯಾಲ್ಯೂ, ಗ್ರೋತ್ ಎಂದು ಓದಿದ್ದು ಇದನ್ನೇ ಇರಬೇಕು. ಪುಸ್ತಕದ ಮಾತು ಮರೆತಿದೆ, ಅಥವಾ ಅವರ ಮಾತು ಅದರ ಮೇಲೆ ಕೂತಿದೆ.

ಖಾಸಗಿ ಶಾಲೆಯ ಕೆಲಸ ಮುಗಿದ ಮೇಲೆ ಅವರಿಗೆ ಪಿಂಚಣಿಯಿರಲಿಲ್ಲ, ಗಂಡನೂ ಇರಲಿಲ್ಲ. ಮನೆ ನಡೆಯುತ್ತಿದ್ದದ್ದು ಆ ಲಾಭಾಂಶದಿಂದ. ಗಂಡನ ತಮ್ಮನ ಮುಂದೆ ಕೈಯೊಡ್ಡಬಾರದು ಎಂಬುದೊಂದೇ ಅವರ ಹಟ.

ಒಮ್ಮೆ ಆ ಮೈದುನ ಭಾಲ್ಕಿಯಿಂದ ಪೇಢೆ ತಂದ. ಅವನು ಕೊಂಡಿದ್ದ ಹೊಸ ಕಂಪನಿಯ ಷೇರು ಭಾರಿ ಏರಿತ್ತು. ಪೇಢೆಯೋ ಬರ್ಫಿಯೋ, ಈಗ ಖಚಿತವಿಲ್ಲ. ಮಾತು ಮಾತ್ರ ನೆನಪಿದೆ.

“ವೈನಿ, ಮುದಿ ಎಮ್ಮಿ ಮಾರಿ ಮಣಕ ಕಟ್ರಿ ಅಂದಿದ್ದೆ. ಕೇಳಲಿಲ್ಲ ನೀವು!”

“ನಂದೂ ಒಂದು ಮಣಕ ಅದ ತಮ್ಮಾ. ನೀ ತೊಗೊಂಡ ಕಂಪನಿದೇ, ನನ್ನ ಮಗಳ ಹೆಸರಿಲೆ.”

ಅವನ ಕೈಯಲ್ಲಿ ಪೇಢೆ ಹಾಗೇ ಉಳಿಯಿತು. “ಮತ್ತ ನಿಮ್ಮ ಹೆಸರಿಲೆ ಯಾಕ ತೊಗೊಳ್ಳಿಲ್ರಿ?”

ಟೀಚರಮ್ಮ ಅವನ ಮುಂದೆ ಚಹದ ಕಪ್ಪು ಸರಿಸಿದರು.

“ಆಕಿಗಿ ಕಾಯೂ ವಯಸ್ಸದ. ನನಗ ದಿನಾ ಹಾಲು ಬೇಕು. ಕುಡಿ, ಈ ಚಾ ಮುದಿ ಎಮ್ಮಿದೇ.”