ಎದುರುಮನೆ ಆಂಟಿಯ ಇಂಗ್ಲೆಂಡ್ ಪೆನ್ಶನ್

ಕಳೆದ ವಾರ ಅಂಗಡಿಯಿಂದ ತಂದ ಶುಂಠಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎದುರುಮನೆ ಆಂಟಿಯ ಅಡುಗೆಮನೆ ಕಣ್ಣಮುಂದೆ ಬಂದು ನಿಂತಿತು. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಮುರಿದು ಬೀಳುವ ಮೊದಲೇ ಬಾಯಿಗಿಡುತ್ತಿದ್ದರು... ಇಂಗ್ಲೆಂಡಿನಲ್ಲಿ ಕಲಿತದ್ದು ಎನ್ನುತ್ತಿದ್ದರು.

ನಾವು ನ್ಯೂಜೆರ್ಸಿಯ ಮನ್ರೋಗೆ ಬಂದ ಹೊಸತು. ಗಂಡ ಬೆಳಗಾಗುವ ಮೊದಲೇ ಮ್ಯಾನ್‌ಹ್ಯಾಟನ್‌ಗೆ ಹೊರಟುಬಿಡುತ್ತಿದ್ದ. ನನ್ನದು ಡಿಪೆಂಡೆಂಟ್ ವೀಸಾ, ಕೆಲಸ ಮಾಡುವಂತಿರಲಿಲ್ಲ. ಡ್ರೈವ್ ಮಾಡಲೂ ಬರುತ್ತಿರಲಿಲ್ಲ. ರಸ್ತೆ ದಾಟಿದರೆ ಆಂಟಿಯ ಮನೆ. ಉಡುಪಿ ಕಡೆಯವರು. ಇಪ್ಪತ್ತೊಂದನೇ ವಯಸ್ಸಿಗೆ ಒಬ್ಬರೇ ಇಂಗ್ಲೆಂಡಿಗೆ ಹೋಗಿ ನರ್ಸ್ ಆಗಿ ಎಂಟು ವರ್ಷ ದುಡಿದವರು. ಆಮೇಲೆ ಮದುವೆ, ನ್ಯೂಜೆರ್ಸಿ, ಅಂಕಲ್‌ರ ಮೋಟೆಲು. ಅಲ್ಲಿ ರೂಮುಗಳ ಬೆಡ್‌ಶೀಟ್ ಬದಲಿಸಿದ್ದು, ಡೆಸ್ಕಿನಲ್ಲಿ ಕೂತದ್ದು, ಪೈಪು ಒಡೆದಾಗ ನೀರು ಬಳಿದದ್ದು, ಎಲ್ಲ ಆಂಟಿಯೇ. ಆದರೆ ಮನೆಯವಳಿಗೆ ಯಾರು ಸಂಬಳ ಕೊಡುತ್ತಾರೆ? ಹಾಗಾಗಿ ಅಮೆರಿಕದ ಸರ್ಕಾರಿ ಪೆನ್ಶನ್ ಕೊಡುವ ಸೋಶಿಯಲ್ ಸೆಕ್ಯುರಿಟಿಯ ಪ್ರಕಾರ ಆಂಟಿ ಒಂದು ದಿನವೂ ದುಡಿದವರಲ್ಲ.

ಆಂಟಿಗೆ ವಯಸ್ಸು ಅರವತ್ತಾರು ಹತ್ತಿರವಾದಾಗ ಯಾರೋ ಹೇಳಿದರಂತೆ, ಇಂಗ್ಲೆಂಡಿನಲ್ಲಿ ದುಡಿದವರಿಗೆ ಎಲ್ಲಿದ್ದರೂ ಅಲ್ಲಿಯ ಸರ್ಕಾರಿ ಪೆನ್ಶನ್ ಬರುತ್ತದೆ ಎಂದು. ಆದರೆ ಕನಿಷ್ಠ ಹತ್ತು ವರ್ಷ ಬೇಕು. ಆಂಟಿಗೆ ಎರಡು ಕಡಿಮೆ. ಕೊರತೆ ಬಿದ್ದ ವರ್ಷಗಳಿಗೆ ಈಗ ಹಣ ಕಟ್ಟಿ ಸೇರಿಸಿಕೊಳ್ಳಬಹುದು, ಹೆಚ್ಚು ವರ್ಷ ಸೇರಿಸಿದಷ್ಟೂ ಪೆನ್ಶನ್ ಹೆಚ್ಚು ಎಂಬುದನ್ನು ನಾವಿಬ್ಬರೂ ಅವರ ಡೈನಿಂಗ್ ಟೇಬಲ್‌ನಲ್ಲಿ ಕೂತು ಹುಡುಕಿ ತಿಳಿದೆವು.

ಬೆಳಗ್ಗೆ ಏಳಕ್ಕೆ ಇಂಗ್ಲೆಂಡಿನ ಪೆನ್ಶನ್ ಕಚೇರಿಗೆ ಫೋನು. ಆಗ ಅಲ್ಲಿ ಮಧ್ಯಾಹ್ನ. ಮೊದಲ ಸಲ ನಾನು ಬೆರಗಾದದ್ದು ಆವತ್ತೇ. ನನ್ನೊಡನೆ ಮೆಲ್ಲಗೆ ಮಾತಾಡುವ ಆಂಟಿ, ಬೆನ್ನು ನೆಟ್ಟಗೆ ಮಾಡಿಕೊಂಡು, ನಾನು ಕೇಳಿಯೇ ಇರದ ಇಂಗ್ಲಿಷಿನಲ್ಲಿ ಚಟಪಟ ಮಾತಾಡಿದರು. ಗಂಡನ ಹೆಸರು ಸೇರಿದ ಹೆಸರಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ. ಆಗ ಮದುವೆಗೆ ಮುಂಚಿನ ಹೆಸರು ಹೇಳಿದರು. ಕಾದರು... ಬಹಳ ಹೊತ್ತು ಕಾದರು. ಕೊನೆಗೆ ಆ ಹೆಸರು ದಾಖಲೆಯಲ್ಲಿ ಸಿಕ್ಕಿತು. ಫೋನಿಟ್ಟು ನನ್ನ ಕೈ ಹಿಡಿದುಕೊಂಡರು.

“ನಾನು ಅಲ್ಲಿ ಇದ್ದೇನೆ ಮಾರಾಯ್ತಿ. ಇಷ್ಟು ವರ್ಷವೂ ಅಲ್ಲಿ ಇದ್ದೆ.”

ಕಟ್ಟಬೇಕಾದ ಹಣಕ್ಕೆ ಅಂಕಲ್‌ರನ್ನು ಕೇಳಲಿಲ್ಲ. ತಾಯಿ ಕೊಟ್ಟಿದ್ದ ಚಿನ್ನದ ಬಳೆಗಳನ್ನು ಮಾರಲು ನ್ಯೂಯಾರ್ಕಿನಲ್ಲಿ ನಮ್ಮವರ ಚಿನ್ನದಂಗಡಿಗಳಿರುವ ಜ್ಯಾಕ್ಸನ್ ಹೈಟ್ಸ್‌ಗೆ ಹೊರಟರು. ಜೊತೆಗೆ ನಾನು. ನ್ಯೂಜೆರ್ಸಿಗೆ ಬಂದ ಮೇಲೆ ಆಂಟಿ ಅಂಕಲ್‌ರ ಕಾರು ಬಿಟ್ಟು ಎಲ್ಲಿಗೂ ಹೋದವರಲ್ಲ. ನಾನೇ ದಾರಿ ತೋರಿಸಬೇಕೇನೋ ಅಂದುಕೊಂಡಿದ್ದೆ. ರೈಲಿಳಿದು ಪೆನ್ ಸ್ಟೇಷನ್ನಿನ ಗದ್ದಲದಲ್ಲಿ ನಾನು ಕಂಗಾಲಾಗಿ ನಿಂತಿದ್ದರೆ, ಆಂಟಿ ಮ್ಯಾಪಿನ ಮೇಲೆ ಒಮ್ಮೆ ಬೆರಳಾಡಿಸಿ, “ಈ ಕಡೆ ಬಾ” ಎಂದು ನಡೆದೇಬಿಟ್ಟರು. ಸಬ್‌ವೇ ರೈಲಿನಲ್ಲಿ ಕಂಬ ಹಿಡಿದು ನಿಂತ ಅವರನ್ನು ನೋಡುತ್ತಾ, ಇಪ್ಪತ್ತೊಂದರ ಆ ಹುಡುಗಿ ಎಲ್ಲಿಗೂ ಹೋಗಿಲ್ಲ ಅನ್ನಿಸಿತು.

ಬಳೆ ಹೋದದ್ದು ಅಂಕಲ್‌ಗೆ ತಿಳಿದ ದಿನ ನಾನು ಅಲ್ಲೇ ಇದ್ದೆ. ಅಂಕಲ್ ಕೂಗಾಡಲಿಲ್ಲ. ನೊಂದವರಂತೆ ಕೇಳಿದರು, “ನಿನಗೆ ನಾನು ಎಂತ ಕಡಿಮೆ ಮಾಡಿದ್ದೇನೆ?”

“ಕಡಿಮೆ ಎಂತದ್ದೂ ಇಲ್ಲ,” ಅಂದರು ಆಂಟಿ, ತರಕಾರಿ ಹೆಚ್ಚುತ್ತಲೇ. “ಪ್ರತಿಯೊಂದಕ್ಕೂ ಕೇಳುವುದು ಉಂಟಲ್ಲ, ಅದು ಸಾಕಾಯಿತು.”

ಪೆನ್ಶನ್ ಬರತೊಡಗಿತು. ದೊಡ್ಡ ಮೊತ್ತವೇನಲ್ಲ. ಊರಿಗೆ ಹೋಗಿ ನೆಲೆಸಿದರೆ ಅದು ಏರುವುದೇ ಇಲ್ಲವಂತೆ, ಇಲ್ಲಿದ್ದರೆ ವರ್ಷವರ್ಷ ಏರುತ್ತದಂತೆ. ಏರಿದಾಗಲೆಲ್ಲ ಪ್ರಮೋಷನ್ ಸಿಕ್ಕವರ ಹಾಗೆ ನನಗೆ ಬಂದು ಹೇಳುತ್ತಿದ್ದರು. ಮೊದಲ ಸಲ ಪೆನ್ಶನ್ ಬಂದಾಗ ನಮ್ಮನ್ನೆಲ್ಲ ದೋಸೆಗೆ ಕರೆದುಕೊಂಡು ಹೋದರು. ಮಾಣಿ ಅಭ್ಯಾಸದಂತೆ ಬಿಲ್ಲನ್ನು ಅಂಕಲ್ ಮುಂದಿಟ್ಟ. ಆಂಟಿ ಕೈಚಾಚಿ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. ಅಂಕಲ್‌ರ ಕೈ ಜೇಬಿನ ತನಕ ಹೋಗಿ ಸುಮ್ಮನೆ ವಾಪಸು ಬಂತು...

ಆವತ್ತು ಪಾರ್ಕಿಂಗ್ ಲಾಟಿನಲ್ಲಿ ಆಂಟಿ ನನ್ನನ್ನು ಪಕ್ಕಕ್ಕೆ ಕರೆದು, “ನಿನಗೆ ವರ್ಕ್ ಪರ್ಮಿಟ್ ಬಂದ ದಿನವೇ ಕೆಲಸ ಹುಡುಕು. ಮಕ್ಕಳಾಗಲಿ, ಮನೆಯಾಗಲಿ, ನಿನ್ನ ಹೆಸರಿನಲ್ಲಿ ಒಂದು ದುಡಿಮೆ ಇರಲಿ” ಎಂದರು. ಈಗ ನಾನೂ ಸೀಕಾಕಸ್‌ನ ಒಂದು ವೇರ್‌ಹೌಸ್ ಆಫೀಸಿಗೆ ದಿನಾ ಹೋಗಿಬರುತ್ತೇನೆ. ಮೊದಲ ಪೇ ಚೆಕ್ ತೋರಿಸಿದಾಗ ಅದನ್ನು ಕನ್ನಡಕ ಹಾಕಿಕೊಂಡು ಓದಿ, ನನ್ನ ತಲೆ ಸವರಿದ್ದರು.

ಹೋದ ಚಳಿಗಾಲದಲ್ಲಿ ಆಂಟಿ ಹೋಗಿಬಿಟ್ಟರು. ಹಾರ್ಟ್ ಅಟ್ಯಾಕ್. ಆಸ್ಪತ್ರೆ ಮುಟ್ಟಲಿಲ್ಲ.

ಪೆನ್ಶನ್ ನಿಲ್ಲಿಸಲು ತಿಳಿಸಬೇಕಿತ್ತು. ಅಂಕಲ್‌ಗೆ ಫೋನಿನಲ್ಲಿ ಮಾತಾಡುವ ಧೈರ್ಯವಾಗದೆ ನನ್ನನ್ನು ಕರೆದರು. ಸ್ಪೀಕರ್ ಹಾಕಿ ಕೂತೆವು. ಆ ಕಡೆಯ ಹೆಂಗಸು ಸಮಾಧಾನದಿಂದ ಎಲ್ಲ ಕೇಳಿ ಬರೆದುಕೊಂಡಳು. ಇನ್ನೇನಾದರೂ ಹೇಳುವುದಿದೆಯೇ ಎಂದಳು.

ಅಂಕಲ್ ತಟ್ಟನೆ ಮುಂದಕ್ಕೆ ಬಾಗಿದರು. “ಅವರಿಗೆ ಹೇಳು ಮಗಳೇ, ಅವಳು ಇಲ್ಲೂ ದುಡಿದಿದ್ದಾಳೆ ಅಂತ. ಅಲ್ಲಿಗಿಂತ ಜಾಸ್ತಿ ಇಲ್ಲೇ. ನಮ್ಮ ಮೋಟೆಲು ನಿಂತದ್ದೇ ಅವಳಿಂದ. ಬರೆದುಕೊಳ್ಳಲಿ.”

ಅದನ್ನು ಬರೆದುಕೊಳ್ಳುವ ಜಾಗ ಅವರ ಬಳಿ ಎಲ್ಲಿರುತ್ತದೆ? ಆದರೂ ಒಂದೊಂದು ಮಾತನ್ನೂ ಇಂಗ್ಲಿಷಿಗೆ ಮಾಡಿ ಹೇಳಿದೆ. ಆ ಕಡೆ ಆಕೆ ಕೊನೆಯವರೆಗೂ ಕೇಳಿಸಿಕೊಂಡಳು. ನನ್ನ ಪಕ್ಕದಲ್ಲಿ ಅಂಕಲ್ ಮುಖ ಮುಚ್ಚಿಕೊಂಡು ಅಳುತ್ತಿದ್ದರು.