ಕೆಂಪು ಚಡ್ಡಿ ಓಡಿಹೋದ ಭಾನುವಾರ

ಪುಟ್ಟಿ, ಚಿನ್ನು, ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ನಿಮ್ಮ ಅಜ್ಜಿಗೆ ಬಾಯಿಬಿಟ್ಟು ಕಥೆ ಹೇಳಲು ಬರುವುದಿಲ್ಲ ಎಂದು ನಿಮಗೆ ಗೊತ್ತು. ನಾಲ್ಕು ಜನ ಕೂತು ಕೇಳತೊಡಗಿದರೆ ನನ್ನ ನಾಲಿಗೆ ಒಳಕ್ಕೆ ಹೋಗಿ ಕೂತುಬಿಡುತ್ತದೆ. ಒಮ್ಮೆ ಮೊಳಕಾಲ್ಮೂರಿನ ತವರಿನಿಂದ ಬರುವಾಗ, ತಳಕಿನಲ್ಲಿ ಇಳಿಯಬೇಕಾದವಳು, ಬಸ್ ನಿಲ್ಲಿಸಿ ಎಂದು ಕೂಗಲು ನಾಚಿ ಚಳ್ಳಕೆರೆಯವರೆಗೂ ಹೋಗಿಬಿಟ್ಟಿದ್ದೆ. ಬೇರೆ ಬಸ್ಸಿನಲ್ಲಿ ವಾಪಸು ಬರುವಾಗಲೂ ಕೂಗಲಿಲ್ಲ. ಪುಣ್ಯಕ್ಕೆ ತಳಕಿನಲ್ಲಿ ಇಳಿಯುವವರು ಬೇರೆ ಯಾರೋ ಇದ್ದರು.

ಅಂಥವಳು ಒಂದು ದಿನ ಇಬ್ಬರು ಗಂಡಸರ ಮುಂದೆ ನಿಂತು ಕುಸ್ತಿಯ ಬಗ್ಗೆ ಮಾತಾಡಿದೆ ಎಂದರೆ ನೀವು ನಂಬುವುದಿಲ್ಲ. ನಿಮ್ಮ ಅವ್ವನೂ ಮೊದಲು ನಂಬಲಿಲ್ಲ.

ನಮ್ಮ ಪಡಸಾಲೆಯ ಟಿವಿ ನಿಮ್ಮ ಅವ್ವ ನನಗೆ ಕೊಡಿಸಿದ್ದು. ಆದರೆ ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅವರ ತಮ್ಮ, ಅಂದರೆ ನಿಮ್ಮ ಚಿಕ್ಕಜ್ಜ, ಪಕ್ಕದ ಮನೆಯಿಂದ ಬಂದು ಅದರ ಮುಂದೆ ಕೂರುವುದು ರೂಢಿಯಾಯಿತು. ಅವರು ನೋಡುತ್ತಿದ್ದದ್ದು ಒಂದೇ, ಕುಸ್ತಿ. ನಮ್ಮ ಮಣ್ಣಿನ ಅಖಾಡದ ಕುಸ್ತಿಯಲ್ಲ. ಸುತ್ತ ಹಗ್ಗ ಕಟ್ಟಿದ ಕಟ್ಟೆಯ ಮೇಲೆ ಬಣ್ಣಬಣ್ಣದ ಚಡ್ಡಿ ಹಾಕಿದ ವಿದೇಶಿ ದಾಂಡಿಗರು ಒಬ್ಬರನ್ನೊಬ್ಬರು ಎತ್ತಿ ಒಗೆಯುವ ಕುಸ್ತಿ. ಆ ಪೈಲ್ವಾನರ ಇಂಗ್ಲಿಷ್ ಹೆಸರುಗಳು ಬಾಯಿಗೆ ಹೊರಳದೆ ಚಿಕ್ಕಜ್ಜ ತಾವೇ ನಾಮಕರಣ ಮಾಡಿದ್ದರು. ಒಬ್ಬ ಕೆಂಪು ಚಡ್ಡಿ. ಇನ್ನೊಬ್ಬ, ಗಡ್ಡವನ್ನು ಜಡೆ ಹೆಣೆದುಕೊಂಡವನು, ಜಡೆಗಡ್ಡ. ಕೆಂಪು ಚಡ್ಡಿ ಎಂದರೆ ಅವರಿಗೆ ಪ್ರಾಣ. ಅವನು ಸೋತ ದಿನ ಮುದ್ದೆ ಮುರಿಯದೆ ಸಾರನ್ನೇ ದಿಟ್ಟಿಸುತ್ತ ಕೂರುತ್ತಿದ್ದರು.

ನಾನು ಅಡಿಗೆಮನೆಯ ಬಾಗಿಲ ಹಿಂದೆ ಅಕ್ಕಿ ಆರಿಸುತ್ತ ನೋಡುತ್ತಿದ್ದೆ. ನೋಡುತ್ತಿದ್ದೇನೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹಾಗೆ ಆರಿಸಿದ ಅಕ್ಕಿಯಲ್ಲಿ ಕಲ್ಲು ಸಿಗುತ್ತಿದ್ದದ್ದು ಮಾತ್ರ ಎಲ್ಲರಿಗೂ ಗೊತ್ತಿತ್ತು. ನನಗೆ ಹೆಚ್ಚು ಸಿಟ್ಟು ಬರುತ್ತಿದ್ದದ್ದು ಪಟ್ಟೆ ಅಂಗಿಯ ರೆಫ್ರಿಯ ಮೇಲೆ. ಮೋಸ ನಡೆಯುವ ಹೊತ್ತಿಗೆ ಸರಿಯಾಗಿ ಬೆನ್ನು ತಿರುಗಿಸುತ್ತಾನೆ. ‘ಹಿಂದೆ ನೋಡೋ, ಮಂಕೇ’ ಎಂದು ಮನಸ್ಸಿನಲ್ಲೇ ಎಷ್ಟು ಕೂಗಿದ್ದೇನೋ.

ಇನ್ನು ನಿಮ್ಮ ಚಿಕ್ಕಮ್ಮನ ಮದುವೆಯ ವಿಷಯ. ಅವಳು ಆಗ ತಳಕಿನಲ್ಲಿ ಟೈಲರಿಂಗ್ ಮಾಡುತ್ತಿದ್ದಳು. ಬಂದ ಗಂಡುಗಳನ್ನೆಲ್ಲ ಬೇಡವೆಂದಿದ್ದಳು. ಒಬ್ಬ ತನ್ನ ಮೊಬೈಲನ್ನೇ ನೋಡುತ್ತಿದ್ದ, ಇನ್ನೊಬ್ಬ ಇವಳು ಹೊಲಿದ ರವಿಕೆಗಳಲ್ಲಿ ತಪ್ಪು ಹುಡುಕಿದ. ಆಮೇಲೆ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಫಿಟರ್ ಆಗಿದ್ದ ಹುಡುಗ ನೋಡಲು ಬಂದ. ಮಂಡಕ್ಕಿಯ ಜೊತೆ ಕೊಟ್ಟ ಮೆಣಸಿನಕಾಯಿ ಬಜ್ಜಿ ಖಾರವಾಗಿತ್ತು. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಆದರೂ ಒಂದು ಮಾತೂ ಆಡದೆ ಪೂರ್ತಿ ತಿಂದ. ಅವತ್ತು ಸಂಜೆ ನಿಮ್ಮ ಚಿಕ್ಕಮ್ಮ ನನ್ನ ಪಕ್ಕ ಬಂದು ಕೂತು, “ಅವ್ವ, ಇವನಾದ್ರೆ ಆಗ್ಲಿ” ಎಂದಳು. ಅಷ್ಟು ಹೇಳಲು ಅವಳು ನನ್ನ ಸೆರಗಿನ ಅಂಚನ್ನೆಲ್ಲ ಮುದುರಿ ಹಾಕಿದ್ದಳು. ಈ ಸಂಬಂಧ ಕೈತಪ್ಪಿದರೆ ಅವಳು ಇನ್ನೊಬ್ಬನನ್ನು ಕಣ್ಣೆತ್ತಿ ನೋಡುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಹುಡುಗನ ತಂದೆ-ತಾಯಿ ಗಡಿಯಾಚೆ, ಕಲ್ಯಾಣದುರ್ಗದ ಕಡೆಯ ಹಳ್ಳಿಯವರು. ಮನೆಮಾತು ತೆಲುಗು. ಬೀಗರಿಗೆ ಬರುತ್ತಿದ್ದದ್ದು ಸಂತೆಯ ಕನ್ನಡ. ಕುರಿಯ ಹಲ್ಲು ನೋಡಿ ರೇಟು ಹೇಳಲು ಸಾಕಾಗುವಷ್ಟು. ಉಳಿದದ್ದನ್ನು ತೆಲುಗಿನಿಂದ ತುಂಬಿಸುತ್ತಿದ್ದರು. ಬೀಗಿತ್ತಿಗೆ ಅಷ್ಟೂ ಇಲ್ಲ. ಚಿಕ್ಕಜ್ಜ ಮಾತ್ರ, “ತೆಲುಗು ಪಿಚ್ಚರ್ ನೋಡಿ ನೋಡಿ ನಂಗೆ ಎಲ್ಲಾ ಬರ್ತೈತೆ, ನೀವೇನೂ ಚಿಂತೆ ಮಾಡ್ಬ್ಯಾಡ್ರಿ ಅತ್ಗೆ” ಎಂದು ಧೈರ್ಯ ಕೊಟ್ಟಿದ್ದರು.

ಮಾತುಕತೆಗೆ ಒಂದು ಭಾನುವಾರ ಅವರಿಬ್ಬರೂ ಬಂದರು. ಹುಡುಗ ಬರುವ ಪದ್ಧತಿಯಿಲ್ಲ. ಶುಭದ ಮಾತಿಗೆ ನನ್ನಂಥವಳು ಎದುರು ಬರುವ ಪದ್ಧತಿಯೂ ನಮ್ಮಲ್ಲಿಲ್ಲ. ಬೇರೆಯವರಿಗೆ ಇದರಿಂದ ನೋವಾಗಬಹುದು. ನನಗೆ ಆ ದಿನ ಒಳಗೊಳಗೇ ಖುಷಿಯಾಗಿತ್ತು. ಬೀಗಿತ್ತಿಯನ್ನು ಅಡಿಗೆಮನೆಯ ಹೊಸ್ತಿಲ ಹತ್ತಿರ ಚಾಪೆ ಹಾಸಿ ಕೂರಿಸಿ, ನಾನು ಮುದ್ದೆಗೆ ಎಸರಿಟ್ಟು ನಿಂತೆ. ನಿಮ್ಮ ಚಿಕ್ಕಮ್ಮ ಕಾಫಿ ಸೋಸುತ್ತಿದ್ದಳು.

ಪಡಸಾಲೆಯಲ್ಲಿ ಗಂಡಸರು ಮಳೆಯ ಮಾತಾಡಿದರು, ಶೇಂಗಾದ ಮಾತಾಡಿದರು, ಛತ್ರ ಯಾವುದೆಂಬಲ್ಲಿಗೆ ಬಂದರು. ಅಷ್ಟರಲ್ಲಿ ಹೋಗಿದ್ದ ಕರೆಂಟು ಬಂತು. ಬೆಳಿಗ್ಗೆ ಯಾರೂ ಆಫ್ ಮಾಡದೆ ಬಿಟ್ಟಿದ್ದ ಟಿವಿ ತಾನೇ ಹತ್ತಿಕೊಂಡಿತು. ಪರದೆಯ ಮೇಲೆ ಕೆಂಪು ಚಡ್ಡಿ ಜಡೆಗಡ್ಡನನ್ನು ತಲೆಯ ಮೇಲೆ ಹೊತ್ತು ಗಿರಗಿರನೆ ತಿರುಗುತ್ತಿದ್ದ. ಗಂಡಸರ ಕಣ್ಣು ಅಲ್ಲೇ ನೆಟ್ಟಿತು. ಛತ್ರವೂ ಇಲ್ಲ, ಶೇಂಗಾವೂ ಇಲ್ಲ.

“ಬಾವಾ, ನೀವೂ ನೋಡ್ತೀರಾ?” ಎಂದರು ಬೀಗರು, ಕಳೆದುಹೋದ ತಮ್ಮ ಸಿಕ್ಕಂತೆ.

“ನೋಡೋದಾ? ಇದಕ್ಕೇ ಬದುಕಿದೀನಿ ಬಾವಾ! ಆದ್ರೂ ಈಗ ಕುಸ್ತಿ ಎಲ್ಲೈತ್ರಿ? ಅರ್ಧ ಗಂಟೆ ಮೈಕ್ ಹಿಡ್ಕಂಡು ಬೈದಾಡ್ತಾರೆ. ಆಮ್ಯಾಕೆ ಒಂದ್ ಗುದ್ದು ಗುದ್ದಿ ಅಡ್ವರ್ಟೈಸ್ ಹಾಕ್ತಾರೆ.”

“ಕರೆಕ್ಟು! ಎಲೆಕ್ಷನ್ ಭಾಷಣಂ ಥರಾ ಅಯಿಪೋಯಿಂದಿ!”

“ಮೊದ್ಲು ಕುರ್ಚಿ ತಗಂಡು ಬಾರಿಸಿದ್ರೆ ಕುರ್ಚಿ ಸೊಟ್ಟ ಆಗ್ತಿತ್ತು. ಈಗ ಕುರ್ಚಿನೂ ಮೆತ್ತಗೆ, ತಲೇನೂ ಮೆತ್ತಗೆ.”

“ಮೈಗೆ ಎಣ್ಣೆ ಮಾತ್ರ ಜಾಸ್ತಿ ಮಾಡವ್ರೆ, ಬಾವಾ. ಆ ಎಣ್ಣೆ ಚಳ್ಳಕೆರೆಯಿಂದ ಹೋದ್ರೆ ನಮ್ಮ ಹುಡುಗಂಗೆ ಓವರ್‌ಟೈಮ್ ಸಿಗ್ತದೆ.”

ಇಬ್ಬರೂ ತೊಡೆ ತಟ್ಟಿಕೊಂಡು ನಕ್ಕರು. ಚಿಕ್ಕಜ್ಜ ದನಿ ತಗ್ಗಿಸಿ, “ಎಲ್ಲಾ ಸೆಟ್ಟಿಂಗ್ ಅಂತಾರಲ್ಲ ಬಾವಾ, ನಿಜವಾ?” ಎಂದು ಕೇಳಿದರು.

“ಸೆಟ್ಟಿಂಗ್ ಆದ್ರೆ ಏಮಿ? ಇವತ್ತು ನಮ್ದೂ ಸೆಟ್ಟಿಂಗೇ ಕದಾ? ಹುಡುಗ ಒಪ್ಪವ್ನೆ, ಹುಡುಗಿ ಒಪ್ಪವ್ಳೆ. ನಾವು ಸುಮ್ನೆ ಕೂತ್ಕಂಡು ಕೆಮ್ತಾ ಇದೀವಿ.”

ಒಳಗೆ ನಿಮ್ಮ ಚಿಕ್ಕಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಇಂಥ ಮಾವ ಸಿಕ್ಕರೆ ಮಗಳು ಸುಖವಾಗಿರುತ್ತಾಳೆ ಎಂದುಕೊಂಡು ನಾನು ಎಸರಿಗೆ ಹಿಟ್ಟು ಹಾಕಿದೆ. ಅಲ್ಲಿಗೇ ಕುಸ್ತಿ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬೀಗರು ಜಡೆಗಡ್ಡನ ಕಡೆಯವರು. ಪರದೆಯ ಮೇಲೆ ಜಡೆಗಡ್ಡ ಹೇಗೋ ಜಾರಿ ಇಳಿದ, ಕೆಂಪು ಚಡ್ಡಿಯನ್ನು ಕೆಡವಿ ಮೇಲೆ ಬಿದ್ದ. ರೆಫ್ರಿ ನೆಲ ಬಡಿದು ಮೂರು ಎಣಿಸಿದ. ಬೀಗರು ಎದ್ದು ನಿಂತು ಕೈ ಎತ್ತಿದರು.

“ಓಡಿಪೋಯಾಡು! ಕೆಂಪು ಚಡ್ಡಿ ಓಡಿಪೋಯಾಡು!”

ಮಕ್ಕಳೇ, ಇಲ್ಲಿ ನಿಮಗೊಂದು ಮಾತು ಹೇಳಬೇಕು. ಮೊಳಕಾಲ್ಮೂರಿನಲ್ಲಿ ನಮ್ಮ ತವರುಮನೆಯ ಆಚೀಚೆ ಮಗ್ಗದ ಮನೆಗಳಿದ್ದವು. ಅಲ್ಲಿನ ಹುಡುಗಿಯರು ತೆಲುಗಿನವರು. ಅವರ ಜೊತೆ ಚೌಕಾಬಾರ ಆಡುವಾಗ ನಾನು ಸೋತರೆ ಅವರು, “ಓಡಿಪೋಯಾವ್, ಓಡಿಪೋಯಾವ್” ಎಂದು ಕುಣಿಯುತ್ತಿದ್ದರು. ಎದ್ದು ಎಲ್ಲಿಗೂ ಓಡದೆ ಚಕ್ಕಳಮಕ್ಕಳ ಹಾಕಿ ಕೂತಿರುವವಳಿಗೆ ಯಾಕೆ ಹೀಗೆ ಹೇಳುತ್ತಾರೆ ಎಂದು ಮೊದಮೊದಲು ನನಗೂ ತಿಳಿಯುತ್ತಿರಲಿಲ್ಲ. ತೆಲುಗಿನಲ್ಲಿ ಓಡುವುದು ಎಂದರೆ ಸೋಲುವುದು. ನಿಮ್ಮ ಚಿಕ್ಕಜ್ಜನ ಪಿಚ್ಚರ್‌ಗಳಲ್ಲಿ ಹೀರೋ ಸೋಲುವುದೇ ಇಲ್ಲ. ಹಾಗಾಗಿ ಆ ಮಾತು ಅವರ ಕಿವಿಗೆ ಬಿದ್ದೇ ಇರಲಿಲ್ಲ.

“ಎಲ್ಲಿಗೆ ಓಡಿಹೋದ?” ಎಂದರು ಚಿಕ್ಕಜ್ಜ, ಮುಖ ಗಂಟು ಹಾಕಿ. “ಕಣ್ಣು ಬಿಟ್ಟು ನೋಡ್ರಿ, ಅಲ್ಲೇ ಬಿದ್ದವ್ನೆ.”

“ಅದೇ ಕದಾ ನೇನು ಚೆಪ್ಪೇದಿ! ಬಿದ್ದವ್ನೆ, ಅದಕ್ಕೇ ಓಡಿಪೋಯಾಡು!”

“ಬಿದ್ದೋನು ಹೆಂಗ್ರಿ ಓಡ್ತಾನೆ? ಏಳಕ್ಕೇ ಆಗ್ತಿಲ್ಲ ಅವನ ಕೈಲಿ!”

“ಏಳಕ್ಕೆ ಆಗಲ್ಲ, ಆದ್ದರಿಂದ ಓಡಿಪೋಯಾಡು! ಟಿವಿನೇ ಹೇಳ್ತೈತೆ!”

“ನಮ್ಮೋನು ಯಾವತ್ತೂ ಓಡಿಲ್ಲ, ಬಾವಾ. ಹೊಡಿಸ್ಕಂತಾನೆ, ರಕ್ತ ಕಾರ್ತಾನೆ, ಓಡಲ್ಲ. ನಮ್ಮ ಮನೇಲಿ ಎಲ್ಲಾರೂ ಅವನ ಕಡೆನೇ!”

“ಹಾಗಾದ್ರೆ ನಿಮ್ಮ ಮನೆಯೋರೆಲ್ಲಾ ಓಡಿಪೋಯಾರು!”

ಚಿಕ್ಕಜ್ಜ ಹೆಗಲ ಟವೆಲ್ ತೆಗೆದು ಕೈಗೆ ಸುತ್ತಿಕೊಂಡರು.

“ಏನಂದ್ರಿ? ನಮ್ಮನೇರೆಲ್ಲಾ ಓಡಿಹೋದ್ರಾ? ಮದುವೆ ಮಾತಿಗೆ ಬಂದು ಆಡೋ ಮಾತಾ ಇದು? ಹುಡುಗಿ ಒಳಗೆ ಕಾಫಿ ಸೋಸ್ತಾ ಅವ್ಳೆ!”

“ಹುಡುಗೀನೂ ಕೆಂಪು ಚಡ್ಡಿ ಕಡೇನಾ?” ಬೀಗರು ಇನ್ನೂ ತಮಾಷೆಯಲ್ಲೇ ಇದ್ದರು. “ಹಾಗಾದ್ರೆ ಹುಡುಗೀನೂ ಓಡಿಪೋಯಿಂದಿ!”

“ಕೆಂಪು ಚಡ್ಡಿ ಜೊತೆ ಓಡಿಹೋದ್ಲಾ? ನಮ್ಮ ಹುಡುಗಿ? ಏಳ್ರಿ ಮೇಲೆ! ತಗಂಡ್ ಹೋಗ್ರಿ ನಿಮ್ಮ ಹಣ್ಣಿನ ತಟ್ಟೆ!”

ಈಗ ಬೀಗರ ತಮಾಷೆಯೂ ಇಳಿಯಿತು. ಕುಸ್ತಿಯಲ್ಲಿ ಸೋತದ್ದಕ್ಕೆ ಸಂಬಂಧ ಮುರಿಯುವ ಮನೆಯೇ ಇದು ಎಂದು ಅವರಿಗೆ ಅನ್ನಿಸಿರಬೇಕು. “ಇಷ್ಟು ಚಿನ್ನ ವಿಷಯಕ್ಕಾ!” ಎಂದರು. ಚಿನ್ನ ಎಂದರೆ ತೆಲುಗಿನಲ್ಲಿ ಚಿಕ್ಕದು. ಚಿಕ್ಕಜ್ಜ ಅದನ್ನೂ ಹಿಡಿದುಕೊಂಡು, “ಈಗ ಚಿನ್ನ ಬೇರೆ ಕೇಳ್ತೀರಾ?” ಎಂದು ಗುಡುಗಿದರು. ಬೀಗರು ಹೆಂಡತಿಯ ಕಡೆ ತಿರುಗಿ, “ಪದ, ಪೋದಾಂ” ಎಂದು ಚಪ್ಪಲಿ ಹುಡುಕತೊಡಗಿದರು. ಗಂಡಸರು ಕುರಿಯ ರೇಟು ಮಾತಾಡುತ್ತಿದ್ದಾರೆಂದು ತಿಳಿದಿದ್ದ ಬೀಗಿತ್ತಿ, ವ್ಯಾಪಾರ ಕುದುರಲಿಲ್ಲವೆಂದು ನಿಟ್ಟುಸಿರು ಬಿಟ್ಟು ಎದ್ದರು.

ನಿಮ್ಮ ಚಿಕ್ಕಮ್ಮನ ಕೈಯಲ್ಲಿ ಸೋಸುವ ಬಟ್ಟೆ ಹಾಗೇ ನಿಂತಿತ್ತು. ಮುಖ ಬಿಳಿಚಿಕೊಂಡಿತ್ತು.

“ಅಯ್ಯೋ, ಅವ್ರು ಹೇಳ್ತಿರೋದು ಸೋತ ಅಂತ ಕಣೇ,” ಎಂದೆ, ಅವಳಿಗೆ ಮಾತ್ರ ಕೇಳುವಂತೆ.

“ಹಂಗಂತ ಹೋಗಿ ಹೇಳವ್ವ!”

“ನಾನಾ? ನೀನೇ ಹೋಗು.”

“ಅವ್ವ! ಮದುವೆ ಹೆಣ್ಣು ನಾನು. ನಾನೇ ಹೋಗಿ, ನಾನು ಓಡಿಹೋಗಿಲ್ಲ ಅಂತ ಹೇಳಕ್ಕಾಗ್ತದಾ?”

ಅವಳ ಕಣ್ಣು ತುಂಬಿತ್ತು. ನಾನು ಹೊಸ್ತಿಲವರೆಗೆ ಹೋದೆ. “ಕೇಳ್ರಿ” ಎಂದೆ. ನನಗೇ ಕೇಳಿಸಲಿಲ್ಲ. ಆ ಕಡೆ ಬೀಗರಿಗೆ ಒಂದು ಚಪ್ಪಲಿ ಸಿಕ್ಕಿತ್ತು, ಇನ್ನೊಂದಕ್ಕೆ ಬಗ್ಗಿದ್ದರು. ಬಸ್ಸು ತಳಕನ್ನು ದಾಟಿ ಹೋಗುತ್ತಿರುವುದು ಕಣ್ಣಿಗೆ ಕಟ್ಟಿದಂತಾಯಿತು. ಹೇಗೆ ದಾಟಿದೆನೋ ಗೊತ್ತಿಲ್ಲ, ಪಡಸಾಲೆಯ ನಡುವೆ ನಿಂತಿದ್ದೆ. ಕೈಯಲ್ಲಿ ಮುದ್ದೆ ತಿರುವುವ ಕೋಲು ಹಾಗೇ ಇತ್ತು. ಅದನ್ನು ನೋಡಿ ಬೀಗರು ಒಂದು ಹೆಜ್ಜೆ ಹಿಂದೆ ಸರಿದರು. ಚಿಕ್ಕಜ್ಜನೂ ಸರಿದರು.

ದನಿ ಬಂತು, ಆದರೆ ಬೇಕಾದ್ದಕ್ಕಿಂತ ಜೋರಾಗಿ ಬಂತು.

“ಅಣ್ಣಯ್ಯಾ, ನಿಮ್ಮ ಓಡೋದು ಬೇರೆ, ನಮ್ಮ ಓಡೋದು ಬೇರೆ! ಕೆಳಗೆ ಬಿದ್ದು, ಮೂರು ಎಣಿಸೋತನಕ ಭುಜ ಎತ್ತದಿದ್ರೆ ಅದು ನಿಮ್ಮ ಓಡೋದು. ಹಗ್ಗ ದಾಟಿ ಇಳಿದು ಜನದ ಮಧ್ಯ ಪರಾರಿಯಾದ್ರೆ ಅದು ನಮ್ಮ ಓಡೋದು. ಕೆಂಪು ಚಡ್ಡಿ ಓಡಿಲ್ಲ, ಸೋತ. ನಮ್ಮ ಹುಡುಗಿ ಸೋತಿಲ್ಲ, ಓಡೂ ಇಲ್ಲ, ಒಳಗೆ ಕಾಫಿ ಸೋಸ್ತಾ ಅವ್ಳೆ!”

ಬೀಗರು ಚಪ್ಪಲಿ ಕೈಯಲ್ಲೇ ಹಿಡಿದು, “ಅಂದ್ರೆ... ಕನ್ನಡದಲ್ಲಿ ಓಡಿಪೋವಡಂ ಅಂದ್ರೆ ಪಾರಿಪೋವಡಮಾ, ಪರಾರಿ ಆಗೋದಾ?” ಎಂದರು. ಹೌದೆಂದು ಕೋಲು ಆಡಿಸಿದೆ. ಅವರು ತಾವು ಆಡಿದ ಒಂದೊಂದು ಮಾತನ್ನೂ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸುತ್ತ ಹೋದದ್ದು ಅವರ ಮುಖದಲ್ಲಿ ಕಾಣುತ್ತಿತ್ತು. ಹುಡುಗಿಯ ಮಾತಿಗೆ ಬಂದಾಗ ಚಪ್ಪಲಿ ಕೈಯಿಂದ ಬಿತ್ತು. “ಅಮ್ಮಮ್ಮಾ!” ಎಂದು ತಲೆ ಹಿಡಿದು ಕುಸಿದು ಕೂತರು.

ಚಿಕ್ಕಜ್ಜನಿಗೆ ಆಶ್ಚರ್ಯವಾದದ್ದು ಬೇರೆಯದಕ್ಕೆ. “ಅತ್ಗೆ, ಮೂರು ಎಣಿಸೋದು, ಭುಜ ಎತ್ತೋದು, ಇದೆಲ್ಲಾ ನಿಮಗೆ ಹೆಂಗ್ ಗೊತ್ತು? ನೀವೂ ನೋಡ್ತೀರಾ?”

ನಾನು ನೆಲ ನೋಡಿದೆ. ಬೀಗರು ತಲೆ ಎತ್ತಿ, ಕೈ ಮುಗಿದು, “ವದಿನಾ, ನೀವೇ ಹೇಳಿ. ಈಗಿನ ಕುಸ್ತಿ ಹೆಂಗೈತೆ?” ಎಂದರು.

“ಮಾತು ಜಾಸ್ತಿ ಆಯ್ತು, ಅಣ್ಣಯ್ಯಾ” ಎಂದೆ.

ನಾನು ಹೇಳಿದ್ದು ಟಿವಿಯ ಕುಸ್ತಿಯ ಬಗ್ಗೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲು ಬೀಗರು ನಕ್ಕರು, ಆಮೇಲೆ ಚಿಕ್ಕಜ್ಜ. ಒಳಗಿನಿಂದ ನಿಮ್ಮ ಚಿಕ್ಕಮ್ಮ ನಕ್ಕಿದ್ದು ಅಳುವಿನ ಹಾಗೆ ಕೇಳಿಸಿತು. ಏನೂ ಅರ್ಥವಾಗದ ಬೀಗಿತ್ತಿ ಎಲ್ಲರಿಗಿಂತ ಜೋರಾಗಿ ನಕ್ಕರು. ತಾಂಬೂಲ ಬದಲಾಯಿಸುವಾಗ ನಾನು ಒಳಕ್ಕೆ ಸರಿಯಲು ಹೋದರೆ ಆ ಬೀಗಿತ್ತಿಯೇ ನನ್ನ ಕೈ ಹಿಡಿದೆಳೆದು ತಮ್ಮ ಪಕ್ಕ ಕೂರಿಸಿಕೊಂಡರು. ಮುದ್ದೆ ತಳ ಹಿಡಿಯಿತು. ಎಲ್ಲರೂ ಸೀದ ಮುದ್ದೆಯನ್ನೇ ಉಂಡರು, ಚೆನ್ನಾಗಿದೆ ಎಂದರು.

ಮದುವೆ ಆಯಿತು, ನಿಮಗೆ ಗೊತ್ತೇ ಇದೆ. ಈ ಹಾಳೆಗಳನ್ನು ಬೇವಿನೆಲೆ ಹಾಕಿದ ಟ್ರಂಕಿನಲ್ಲಿ ಜೋಪಾನವಾಗಿಡಿ. ನಾನು ಇದನ್ನು ಇನ್ನೊಮ್ಮೆ ಬಾಯಲ್ಲಿ ಹೇಳುವವಳಲ್ಲ. ಚಿಕ್ಕಜ್ಜನ ಕೈಗೆ ಮಾತ್ರ ಕೊಡಬೇಡಿ. ಕೆಂಪು ಚಡ್ಡಿ ಸೋತ ಎಂದು ಬರೆದಿರುವಲ್ಲೆಲ್ಲ ಅವರು ಗೀಚಿ ಹಾಕುತ್ತಾರೆ.