ಎಲ್ಲರಿಗೂ ಒಂದೇ ಪೇಪರ್

ಸ್ನೇಹಿತರೆ, ಇವತ್ತು ಶಿಕಾರಿಪುರದ ಕಾಲೇಜಿನಲ್ಲಿ ನನಗೆ ಸಮಾನ ನ್ಯಾಯ ಸಿಕ್ಕಿತು. ಅಂಚೆಯಲ್ಲಿ ಪಾಠ ತರಿಸಿಕೊಂಡು ಓದುವವರೂ ದಿನಾ ಕಾಲೇಜಿಗೆ ಬರುವವರೂ ಸಮನಾಗಿ ಕಲಿತಿದ್ದಾರೆಯೇ ಎಂದು ನೋಡಲು ಸಮಾಜಶಾಸ್ತ್ರದ ಮೇಷ್ಟ್ರು ಎಲ್ಲರನ್ನೂ ಕೂರಿಸಿ ಒಂದೇ ಪರೀಕ್ಷೆ ಕೊಟ್ಟರು. ಅಂಚೆಯ ಕಡೆಯಿಂದ ಬಂದವಳು ನಾನೊಬ್ಬಳೇ.

ಮೊದಲ ಪ್ರಶ್ನೆ: 'ಗುಂಪು ಎಂದರೇನು? ತರಗತಿಯಲ್ಲಿ ನಿಮ್ಮ ಗುಂಪು ನಡೆಸಿದ ಚರ್ಚೆಯ ಆಧಾರದಿಂದ ವಿವರಿಸಿ.'

ವ್ಯಾಖ್ಯೆ ನನಗೆ ಬಾಯಿಪಾಠವಿತ್ತು. ಚರ್ಚೆ ಮಾತ್ರ ಅಂಚೆಯಲ್ಲಿ ಬಂದಿರಲಿಲ್ಲ. ಎದ್ದು ನಿಂತೆ.

"ಸರ್, ನಾನು ಆನವಟ್ಟೀಲಿ ಎಸ್‌ಟಿಡಿ ಬೂತ್ ನೋಡ್ಕಂಡು ಒಬ್ಳೇ ಓದೋದು. ನಂಗೆ ಗುಂಪಿಲ್ಲ."

"ಎಲ್ರಿಗೂ ಒಂದೇ ಪೇಪರ್ ಕೊಟ್ಟೀನಲ್ರೀ, ಇನ್ನೇನ್ ನ್ಯಾಯ ಬೇಕು? ಕೂತ್ಕಳ್ರಿ."

ಬೂತಿನಲ್ಲಿ ದಿನವಿಡೀ ಊರವರ ಮಾತೆಲ್ಲ ಕಿವಿಗೆ ಬೀಳುತ್ತದೆ. ಅದರಲ್ಲಿ ನನ್ನ ಜೊತೆ ಆಡುವುದು 'ಲೈನ್ ಸಿಕ್ತಾ?' ಎಂಬುದೊಂದೇ.

ಪಕ್ಕದಲ್ಲಿದ್ದ ಕಾಲೇಜು ಹುಡುಗಿಗೆ ಪಾಪ ಅನ್ನಿಸಿರಬೇಕು. "ಅಕ್ಕಾ, ನೀವು ನಮ್ ಗುಂಪಿಗೆ ಸೇರ್ಕಳ್ರಿ. ನಾವು ಮಾತಾಡಿದ್ದು ಏನಂದ್ರೆ..." ಎಂದು ಪಿಸುಗುಟ್ಟಿದಳು. ನಾನೂ ಆಸೆಯಿಂದ ಅವಳ ಕಡೆ ವಾಲಿದೆ.

"ಪರೀಕ್ಷೆ ಟೈಮ್‌ನಾಗೆ ಚರ್ಚೆ ಮಾಡಂಗಿಲ್ಲ" ಎಂದ ಮೇಷ್ಟ್ರು ನನ್ನನ್ನು ಎಬ್ಬಿಸಿ ಕೊನೆಯ ಬೆಂಚಿಗೆ ಕಳಿಸಿದರು. ಆ ಬೆಂಚಿನಲ್ಲಿ ಬೇರೆ ಯಾರೂ ಇರಲಿಲ್ಲ.

ಅಲ್ಲಿ ಕೂತು ಬರೆದೆ: 'ಈ ವಿಷಯವಾಗಿ ನಮ್ಮ ಗುಂಪಿನಲ್ಲಿ ವರ್ಷವಿಡೀ ಚರ್ಚೆ ನಡೆಯಿತು. ಒಮ್ಮೆಯೂ ಯಾರೂ ಎದುರು ಮಾತಾಡಲಿಲ್ಲ.'